ಜೀವಮಾನವೆಲ್ಲಾ ನಡೆದದ್ದು ಸಾಲದೇ?

ಮಾವಿನ ಹಣ್ಣಿನಿಂದಲೇ ಹೊರಲೋಕಕ್ಕೆ ಪರಿಚಿತವಾಗಿದ್ದ ಶ್ರೀನಿವಾಸಪುರದ ಹೆಸರು, ಆ ಹಣ್ಣಿನ ರುಚಿಯನ್ನು ಎಂದೂ ಕಾಣದ ದೂರದೇಶಗಳ ವೈದ್ಯಶಾಸ್ತ್ರ ಪತ್ರಿಕೆಗಳಲ್ಲಿ ಕೆಲವು ವರ್ಷಗಳಿಂದ ಅಚ್ಚಾಗುತ್ತಿರುವುದು ನಮ್ಮ ಕೋಲಾರ ಜಿಲ್ಲೆಯವರಲ್ಲಿಯೇ ಅನೇಕರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು, ಪ್ರತೀಕ್ಷಾ ಟ್ರಸ್ಟಿನ ದ್ರವ್ಯಸಹಾಯವನ್ನು ಪಡೆದು, ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ 2018ರಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ವಾಸವಾಗಿರುವ, 45 ವರ್ಷ ತುಂಬಿದ, ವೈದ್ಯರು ಡಿಮೆನ್ಷಿಯಾ ಎಂದೂ ಮನೆಯವರು ಅರಳುಮರಳು ಎಂದೂ ಕರೆಯುವ ವ್ಯಾಧಿ ಇನ್ನೂ ತಗುಲದ 10,000 ಮಂದಿಯನ್ನು ಸೇರಿಸಿಕೊಂಡು, ವರ್ಷ ವರ್ಷವೂ ಅವರ ದೇಹವನ್ನೂ ಬುದ್ಧಿಯನ್ನೂ ಪರೀಕ್ಷಿಸುತ್ತ, ಯಾರ ಸ್ಮೃತಿ ಯಾವ ಕಾರಣದಿಂದ ಕುಗ್ಗಿತು, ಯಾರದು ಯಾವ ಕಾರಣದಿಂದ ಉಳಿಯಿತು ಎಂಬುದನ್ನು ಕಂಡುಕೊಳ್ಳುವುದು ಅದರ ಉದ್ದೇಶ. ಅಧ್ಯಯನದ ಆಂಗ್ಲ ಹೆಸರಿನ ಆದ್ಯಕ್ಷರಗಳನ್ನು ಕೂಡಿಸಿ ಅದನ್ನು ‘ಸ್ಯಾನ್ಸ್‌ಕಾಗ್’ ಎಂದು ಕರೆಯುವುದು ವಾಡಿಕೆಯಾಗಿದೆ. ಅದರ ಮೊದಲ ಅಕ್ಷರ ಶ್ರೀನಿವಾಸಪುರದ್ದು. ಇದರ ಜೊತೆಯಲ್ಲಿಯೇ ಬೆಂಗಳೂರು ನಗರದ ನಿವಾಸಿಗಳ ಮೇಲೆ ಇಂಥದೇ ಇನ್ನೊಂದು ಅಧ್ಯಯನವೂ ನಡೆಯುತ್ತಿದ್ದು, ಹಳ್ಳಿಯ ಮುಪ್ಪಿಗೂ ಪಟ್ಟಣದ ಮುಪ್ಪಿಗೂ ಇರುವ ಭೇದವನ್ನು ತೂಗಿ ನೋಡುವ ಅವಕಾಶ ಅದರಿಂದ ಒದಗಿದೆ.

ಈ ಉದ್ಯಮದ ಮಹತ್ವ ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಪ್ಪಿನಲ್ಲಿ ಮಸ್ತಿಷ್ಕಕ್ಕೆ ಏನಾಗುತ್ತದೆ ಎಂದು ಇದುವರೆಗೆ ಶಾಸ್ತ್ರಜ್ಞರು ಹೇಳಿರುವುದರಲ್ಲಿ ಬಹುಪಾಲು ಯೂರೋಪು ಅಮೆರಿಕಗಳ, ಶಾಲೆ ಕಲಿತ, ಬಹುಮಟ್ಟಿಗೆ ಪಟ್ಟಣವಾಸಿಗಳಾದ ಜನರನ್ನು ನೋಡಿ ಹೇಳಿದ್ದು. ಒಂದು ಕಾಗದದ ಮೇಲೆ ಗಡಿಯಾರದ ಚಿತ್ರ ಬರೆಯಿರಿ, ಈ ವಾಕ್ಯವನ್ನು ಓದಿ ಹಾಗೆ ಮಾಡಿ, ನೂರರಿಂದ ಏಳೇಳನ್ನು ಕಳೆಯುತ್ತ ಬನ್ನಿ ಎಂದು ಕೇಳುವ ಪರೀಕ್ಷೆಗಳನ್ನು, ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದೆ, ಐವತ್ತು ವರ್ಷ ರಾಗಿಯನ್ನೂ ಹುರುಳಿಯನ್ನೂ ಬಿತ್ತಿ ಬೆಳೆದು, ಮಕ್ಕಳ ಮದುವೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿರುವ ಒಬ್ಬ ಮುದುಕಿಯ ಮುಂದೆ ಇಟ್ಟರೆ, ಆಕೆ ತಪ್ಪುವುದು ಬುದ್ಧಿಯ ದೋಷದಿಂದಲ್ಲ, ಅಕ್ಷರ ಬಾರದ್ದರಿಂದ. ಆದ ಕಾರಣ ‘ಕಾಗ್ನಿಟೊ’ ಎಂಬ ಗಣಕಯಂತ್ರದ ಪರೀಕ್ಷಾಮಾಲೆಯನ್ನು ಇಲ್ಲಿಯ ಜನಕ್ಕೆ ಹೊಂದುವಂತೆ ತಿದ್ದಿ ಬಳಸಬೇಕಾಯಿತು. ಹಳ್ಳಿಯಿಂದ ಬಂದವರ ಹೊಟ್ಟೆಯ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಮೇದಸ್ಸು, ಕಿವಿ, ಕಣ್ಣು, ನಡೆಯುವ ರೀತಿ, ವಂಶಾನುಗತವಾದ ಗುಣಗಳು ಇವೆಲ್ಲವನ್ನೂ ನೋಡುವುದಲ್ಲದೆ, ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮೆದುಳಿನ ಚಿತ್ರವನ್ನೂ ತೆಗೆಯುತ್ತಾರೆ. ಊರಿಗೆ ಬಂದ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ, ಗಡಗಡನೆ ಸದ್ದು ಮಾಡುವ ಆ ಸುರಂಗದಲ್ಲಿ ಅಲುಗಾಡದೆ ಮಲಗಿ ಬರುವ ಈ ಹಿರಿಯರು, ತಮಗೆ ತಕ್ಷಣದ ಲಾಭವೇನೂ ಇಲ್ಲದಿದ್ದರೂ ಮುಂದಿನವರಿಗಾಗಿ ಮಾಡುತ್ತಿರುವ ಉಪಕಾರವು ಸಣ್ಣದಲ್ಲ.

ನಾನು ಈ ಲೇಖನದಲ್ಲಿ ಎತ್ತಿಕೊಳ್ಳಬೇಕೆಂದಿರುವುದು ಆ ದೊಡ್ಡ ವಿಷಯದ ಒಂದು ಭಾಗವನ್ನು ಮಾತ್ರ: ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಬೊಜ್ಜು ಇವು ಕೂಡಿಕೊಂಡಿರುವ ವೃದ್ಧರಿಗೆ ದೇಹಶ್ರಮದಿಂದ ಬುದ್ಧಿ ಉಳಿಯುತ್ತದೆಯೆ? ಶ್ರೀನಿವಾಸಪುರದ ಪಕ್ಕದ ತಾಲ್ಲೂಕು ಮುಳಬಾಗಿಲು; ಆ ತಾಲ್ಲೂಕಿನ ದೇವರಾಯಸಮುದ್ರದಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ. ಏಕೆಂದರೆ ಇದು ಪಟ್ಟಣದ ಉದ್ಯಾನಗಳಲ್ಲಿ ಬೆಳಗ್ಗೆ ಬೂಟು ತೊಟ್ಟು ತಿರುಗುವವರ ಪ್ರಶ್ನೆಯೆಂದು ನಾವು ಬಹುಕಾಲ ತಿಳಿದಿದ್ದೆವು. ಈಗ ಹಾಗೆ ತಿಳಿಯಲು ಆಗದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕ ಮಧುಮೇಹಿಗಳಿದ್ದಾರೆ ಎಂದು ಅಂದಾಜು ಮಾಡಿತು. ಅದೇ ವರ್ಷದ ಇನ್ನೊಂದು ರಾಷ್ಟ್ರೀಯ ಅಧ್ಯಯನವು 60 ವರ್ಷ ಮೀರಿದವರಲ್ಲಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದೂ, ಆ ಪ್ರಮಾಣವು ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚೆಂದೂ ತಿಳಿಸಿತು. ಹಳ್ಳಿಯ ಗಾಳಿ, ಹಳ್ಳಿಯ ಊಟ, ಹಳ್ಳಿಯ ದುಡಿಮೆ ಇವು ಮುದುಕರನ್ನು ಕಾಪಾಡುತ್ತವೆ ಎಂಬ ನಮ್ಮ ಹಿತವಾದ ನಂಬಿಕೆಯನ್ನು ಈ ಅಂಕಿಗಳ ಮುಂದೆ ನಿಲ್ಲಿಸಿ ಪುನಃ ಪರೀಕ್ಷಿಸಬೇಕಾಗಿದೆ.

ದುಡಿಮೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಎತ್ತುಗಳನ್ನು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸುತ್ತ, ಅವುಗಳ ಜೊತೆಯಲ್ಲಿ ತಾನೂ ನಡೆಯುತ್ತ, ಕಪಿಲೆಯಿಂದ ಬಾವಿಯ ನೀರೆತ್ತಿದವರು ಈ ಸೀಮೆಯಲ್ಲಿ ಈಗಲೂ ಕೆಲವರು ಬದುಕಿದ್ದಾರೆ. ಆಮೇಲೆ ತೆರೆದ ಬಾವಿಗೆ ಪಂಪ್‌ಸೆಟ್ಟು ಬಂತು. ಬಾವಿ ಬತ್ತಿ ಕೊಳವೆಬಾವಿ ಬಂತು. ಸಾವಿರ ಅಡಿಯಾಚೆಗೆ ಇಳಿದ ಆ ಕೊಳವೆಬಾವಿಯ ಮೋಟಾರನ್ನು ಚಾಲೂ ಮಾಡುವುದಕ್ಕೆ, ತ್ರೀ ಫೇಸ್ ಕರೆಂಟು ಬರುವ ಅಪರಾತ್ರಿಯಲ್ಲಿ, ಟಾರ್ಚು ಹಿಡಿದು ಹೊಲದವರೆಗೆ ನಡೆದುಹೋಗುವ ಕೆಲಸವಾದರೂ ರೈತನಿಗೆ ಉಳಿದಿತ್ತು. ಈಗ ಮೊಬೈಲ್ ಸ್ಟಾರ್ಟರು ಬಂದಿದೆ. ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಒಂದು ಕರೆ ಮಾಡಿದರೆ ಹೊಲದಲ್ಲಿ ಮೋಟಾರು ತಿರುಗುತ್ತದೆ, ಹನಿ ನೀರಾವರಿಯ ಕೊಳವೆಗಳಲ್ಲಿ ನೀರು ಹರಿದು ಟೊಮೇಟೊ ಗಿಡದ ಬುಡಕ್ಕೆ ತಾನಾಗಿ ಇಳಿಯುತ್ತದೆ. ಸಾಲಿನ ಮೇಲೆ ಹೊದಿಸಿದ ಮಲ್ಚಿಂಗ್ ಹಾಳೆಯು ಕಳೆ ಬೆಳೆಯಗೊಡದು. ಕಣದಲ್ಲಿ ಗುಂಡು ಹೊಡೆದು ರಾಗಿ ಬಿಡಿಸುತ್ತಿದ್ದವರು ಕೆಲಕಾಲ ಡಾಂಬರು ರಸ್ತೆಯ ಮೇಲೆ ತೆನೆ ಹರಡಿ ಹೋಗಿಬರುವ ಗಾಡಿಗಳ ಕೈಗೆ ಆ ಕೆಲಸವನ್ನು ಒಪ್ಪಿಸಿದರು. ಈಗ ಅದಕ್ಕೂ ಯಂತ್ರವುಂಟು. ದನಗಳನ್ನು ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋಗಿ ಬರುತ್ತಿದ್ದ ಕಾಲ ಕಳೆದು, ಕೊಟ್ಟಿಗೆಯಲ್ಲಿ ಕಟ್ಟಿದ ಸೀಮೆಹಸುವಿನ ಮುಂದಕ್ಕೆ ಕತ್ತರಿಸಿದ ಮೇವು ಬಂದು ಬೀಳುತ್ತದೆ; ಹಾಲಿನ ಕ್ಯಾನು ಡೇರಿಗೆ ಹೋಗುವುದೂ ಬೈಕಿನ ಮೇಲೆಯೇ. ಮನೆಯೊಳಗೆ ಬೀಸುವ ಕಲ್ಲು, ಒರಳು, ಒನಕೆ ಮೂರೂ ಗೋಡೆಯ ಪಕ್ಕಕ್ಕೆ ಸರಿದು ಎಷ್ಟೋ ಕಾಲವಾಯಿತು.

ಇದಾವುದನ್ನೂ ನಾನು ದುಃಖದಿಂದ ಹೇಳುತ್ತಿಲ್ಲ. ಆ ದುಡಿಮೆಯಿಂದ ಬೆನ್ನು ಮುರಿದವರ, ಬಸಿರಿನಲ್ಲಿಯೂ ಒನಕೆ ಹಿಡಿದವರ ಕಷ್ಟವನ್ನು ಮರೆತು, ಆ ಕಾಲ ಮರಳಿ ಬರಲಿ ಎಂದು ಹಾರೈಸುವುದು ಕ್ರೌರ್ಯವಾದೀತು. ಆದರೆ ಒಂದನ್ನು ಗಮನಿಸಬೇಕು. ಜೀವನೋಪಾಯದ ಮಡಿಲಲ್ಲಿಯೇ ಅಡಗಿದ್ದ ದೇಹಚಲನೆಯು, ಹೋಗುತ್ತೇನೆಂದು ಯಾರಿಗೂ ಹೇಳದೆ, ಒಂದೊಂದು ಯಂತ್ರ ಊರಿಗೆ ಬಂದಾಗಲೂ ಒಂದೊಂದು ಪಾಲು ಹೊರಟುಹೋಯಿತು. ಅದರ ಸ್ಥಾನಕ್ಕೆ ಬೇರೆ ಚಲನೆಯನ್ನು ಯಾರೂ ತರಲಿಲ್ಲ. ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗಿ ಅನ್ನ ದೊಡ್ಡದಾದದ್ದೂ, ಸಂಜೆಯ ಬಿಡುವು ಟಿವಿಯ ಮುಂದೆ ಕಳೆಯತೊಡಗಿದ್ದೂ ಈ ಕಾಲದಲ್ಲಿಯೇ.

ಆಸ್ಪತ್ರೆಯಲ್ಲಿ ಶುಗರು ಪರೀಕ್ಷೆಗೆ ಬಂದ ಅಜ್ಜಿಯೊಬ್ಬಳಿಗೆ ಚಿಕ್ಕ ವಯಸ್ಸಿನ ವೈದ್ಯ “ದಿನಾ ಅರ್ಧ ಗಂಟೆ ನಡೀಬೇಕಮ್ಮಾ” ಎಂದರೆ, “ಜೀವಮಾನವೆಲ್ಲಾ ಹೊಲದಾಗೆ ನಡ್ದಿದ್ದು ಸಾಲ್ದೇನಪ್ಪಾ?” ಎಂಬ ಉತ್ತರ ಬರುವುದುಂಟು. ನಕ್ಕು ಮುಂದಕ್ಕೆ ಸಾಗಿಸಬಹುದಾದ ಉತ್ತರ ಅದಲ್ಲ. ಆ ಪ್ರಶ್ನೆ ನ್ಯಾಯವಾದದ್ದು; ಅದಕ್ಕೆ ಸಾವಧಾನವಾದ ಸಮಾಧಾನ ಹೇಳುವ ಹೊಣೆ ಸಲಹೆ ಕೊಡುವವರ ಮೇಲಿದೆ.

ಮೊದಲು ರೋಗದ ಸ್ವರೂಪ. ಹೊಟ್ಟೆಯ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟುವುದು; ಬರಿಹೊಟ್ಟೆಯ ಸಕ್ಕರೆ 100 ಮುಟ್ಟುವುದು; ರಕ್ತದೊತ್ತಡ 130/85 ಮುಟ್ಟುವುದು; ಟ್ರೈಗ್ಲಿಸರೈಡ್ ಎಂಬ ಮೇದಸ್ಸು 150 ಮುಟ್ಟುವುದು; ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿಯುವುದು: ಈ ಐದರಲ್ಲಿ ಮೂರು ಒಬ್ಬರಲ್ಲಿ ಕಂಡರೆ ಅದನ್ನು ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಐದಕ್ಕೂ ಸಾಮಾನ್ಯವಾದ ಬೇರು ಇನ್ಸುಲಿನ್ನಿಗೆ ದೇಹ ಕಿವಿಗೊಡದಿರುವುದು. ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇದ್ದರೂ ದೇಹ ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ತಾನೊಂದೇ ಬಳಸುತ್ತದೆ. ಅಷ್ಟು ಶಕ್ತಿಯನ್ನು ಹೊತ್ತು ತರುವ ರಕ್ತನಾಳಗಳಲ್ಲಿ ಕೂದಲೆಳೆಗಿಂತ ಸಣ್ಣವೇ ಅಸಂಖ್ಯಾತ. ವರ್ಷಗಟ್ಟಲೆ ಏರಿದ ಸಕ್ಕರೆ ಮತ್ತು ಒತ್ತಡಗಳಿಂದ ಆ ಸೂಕ್ಷ್ಮ ನಾಳಗಳ ಗೋಡೆ ದಪ್ಪವಾಗಿ, ಅಲ್ಲಲ್ಲಿ ರಕ್ತಪ್ರವಾಹ ಕುಂದಿ, ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ಬಿಳಿಯ ತಂತುಗಳು ಕೆಡುತ್ತವೆ. ಎಂಆರ್‌ಐ ಚಿತ್ರದಲ್ಲಿ ಅವು ಹೊಳೆಯುವ ಮಚ್ಚೆಗಳಾಗಿ ಕಾಣಿಸಿಕೊಳ್ಳುತ್ತವೆ. ಇದು ಪಾರ್ಶ್ವವಾಯುವಿನಂತೆ ಒಂದು ದಿನ ಎರಗಿ ಬರುವುದಲ್ಲ. ಲೆಕ್ಕ ನಿಧಾನವಾಗುವುದು, ಎರಡು ಕೆಲಸಗಳನ್ನು ಒಟ್ಟಿಗೆ ನಡೆಸಲಾಗದಿರುವುದು, ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಸಂದೇಹ ದಿನದಿನವೂ ಹುಟ್ಟುವುದು, ಹೆಜ್ಜೆ ಚಿಕ್ಕದಾಗುವುದು ಇವೇ ಅದರ ಮುಂಚಿನ ಚಿಹ್ನೆಗಳು; ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ.

ಈ ವ್ಯಾಧಿಗೂ ಕಾಲಿನ ದುಡಿಮೆಗೂ ಇರುವ ಸಂಬಂಧ ಸ್ನಾಯುವಿನಲ್ಲಿದೆ. ಉಂಡ ಊಟದಿಂದ ರಕ್ತಕ್ಕೆ ಬಂದ ಗ್ಲೂಕೋಸಿನಲ್ಲಿ ಬಹುಭಾಗವನ್ನು ಹೀರಿಕೊಳ್ಳುವುದು ಅಸ್ಥಿಗೆ ಅಂಟಿದ ಸ್ನಾಯುಗಳು, ಅವುಗಳಲ್ಲಿಯೂ ತೊಡೆ ಮೀನಖಂಡಗಳ ದೊಡ್ಡ ಸ್ನಾಯುಗಳು. ಸುಮ್ಮನೆ ಕುಳಿತಿರುವಾಗ ಆ ಕೆಲಸಕ್ಕೆ ಇನ್ಸುಲಿನ್ನಿನ ಆಜ್ಞೆ ಬೇಕು. ಆದರೆ ಸ್ನಾಯು ಸಂಕೋಚಗೊಳ್ಳುತ್ತಿರುವಾಗ ಅದು ಇನ್ಸುಲಿನ್ನನ್ನು ಕಾಯದೆಯೇ ಗ್ಲೂಕೋಸನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ನಡಿಗೆ ನಿಂತ ಮೇಲೂ ಒಂದೆರಡು ದಿನಗಳವರೆಗೆ ಇನ್ಸುಲಿನ್ನಿಗೆ ಮೊದಲಿಗಿಂತ ಚೆನ್ನಾಗಿ ಕಿವಿಗೊಡುತ್ತದೆ. ಆ ಒಂದೆರಡು ದಿನ ಕಳೆದರೆ ಪ್ರಭಾವ ಇಳಿದುಹೋಗುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ನಲವತ್ತು ವರ್ಷದ ಹಿಂದೆ ನಾಟಿ ಹಾಕಿದ್ದು, ಕಳೆ ಕಿತ್ತದ್ದು ಆಗಿನ ದೇಹಕ್ಕೆ ಸಂದಿತು, ನಿನ್ನೆ ಉಂಡ ಮುದ್ದೆ ಇಂದಿನ ಹಸಿವಿಗೆ ಆಗದಂತೆ, ಅದು ಇಂದಿನ ಸಕ್ಕರೆಗೆ ಆಗದು. ಇನ್ನೂ ಒಂದು ಸಂಗತಿಯುಂಟು. ದಿನಗೂಲಿಯ ದುಡಿಮೆ, ಬಿಸಿಲಿನಲ್ಲಿ ಎಂಟು ಗಂಟೆ ಬಗ್ಗಿಕೊಂಡು, ಸಾಲದ ಚಿಂತೆಯೊಡನೆ, ಸಾಕಾದಷ್ಟು ಊಟವಿಲ್ಲದೆ ಮಾಡುವ ದುಡಿಮೆಯು, ಮನಸ್ಸಿಗೆ ಬಂದಷ್ಟು ಹೊತ್ತು ಕೈಬೀಸಿ ನಡೆಯುವ ನಡಿಗೆಯಂತೆ ಹೃದಯವನ್ನು ಕಾಯುವುದಿಲ್ಲವೆಂದು ಅನೇಕ ದೇಶಗಳ ಅಧ್ಯಯನಗಳು ಕಂಡಿವೆ. ಭಾರ ಹೊತ್ತು ನಿಂತಿರುವಾಗ ರಕ್ತದೊತ್ತಡ ಗಂಟೆಗಟ್ಟಲೆ ಏರಿಯೇ ಇರುತ್ತದೆ, ವಿಶ್ರಾಂತಿಗೆ ಎಡೆಯಿಲ್ಲ. ಆದ್ದರಿಂದ ಟೊಮೇಟೊ ಬಾಕ್ಸು ಹೊತ್ತ ಹಮಾಲಿಗೆ ವ್ಯಾಯಾಮ ಆಯಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸಲ್ಲದು.

ದೇಹಶ್ರಮದ ಸತ್ಫಲ ಮೆದುಳಿಗೆ ಮುಟ್ಟುವುದಕ್ಕೆ ಪ್ರಮಾಣವೇನು? 2011ರಲ್ಲಿ ಅಮೆರಿಕದಲ್ಲಿ ಕಿರ್ಕ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು, 120 ಮಂದಿ ವೃದ್ಧರಲ್ಲಿ ಅರ್ಧದಷ್ಟು ಜನರನ್ನು ಒಂದು ವರ್ಷ ಕ್ರಮವಾಗಿ ನಡೆಸಿ, ಉಳಿದವರಿಗೆ ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿಸಿ, ಸ್ಮೃತಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗವು ನಡೆದವರಲ್ಲಿ ನೂರಕ್ಕೆ ಎರಡರಷ್ಟು ಹಿಗ್ಗಿದುದನ್ನೂ ಉಳಿದವರಲ್ಲಿ ಕುಗ್ಗಿದುದನ್ನೂ ತೋರಿಸಿದರು. 2015ರಲ್ಲಿ ಫಿನ್ಲೆಂಡಿನ ಮಿಯಾ ಕಿವಿಪೆಲ್ಟೊ ಅವರ ತಂಡವು 60ರಿಂದ 77 ವಯಸ್ಸಿನ, ಹೃದಯ ಮತ್ತು ರಕ್ತನಾಳದ ಅಪಾಯಗಳುಳ್ಳ 1,260 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ಬಿಪಿ ಸಕ್ಕರೆಗಳ ಹತೋಟಿ ಇವನ್ನು ಕೂಡಿಸಿ ಎರಡು ವರ್ಷ ಮಾಡಿಸಿದಾಗ ಬುದ್ಧಿಶಕ್ತಿ ಉತ್ತಮಗೊಂಡಿತು. ಅಮೆರಿಕದಲ್ಲಿ 2,111 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿ, ಜೊತೆಗೂಡಿಸಿ ಕ್ರಮವಾಗಿ ಮಾಡಿಸಿದವರೂ, ತಮ್ಮಷ್ಟಕ್ಕೆ ಮಾಡಿಕೊಳ್ಳಿ ಎಂದು ಬಿಟ್ಟವರೂ ಇಬ್ಬರೂ ಸುಧಾರಿಸಿದರು. ಮೊದಲನೆಯವರು ಕೊಂಚ ಹೆಚ್ಚು.

ಆದರೆ ಒಂದು ಕಡೆಯ ಸಾಕ್ಷ್ಯವನ್ನೇ ಹೇಳಿ ಓದುಗರನ್ನು ಒಪ್ಪಿಸಲು ನನಗೆ ಇಷ್ಟವಿಲ್ಲ. ಲಂಡನ್ನಿನ ಸರ್ಕಾರಿ ನೌಕರರು 10,308 ಮಂದಿಯನ್ನು 28 ವರ್ಷ ಅನುಸರಿಸಿದ ಅಧ್ಯಯನವು 2017ರಲ್ಲಿ ಮಂಡಿಸಿದ ನಿರ್ಣಯವು ಉತ್ಸಾಹಿಗಳಿಗೆ ತಣ್ಣೀರು ಎರಚುವಂತಿತ್ತು. ಡಿಮೆನ್ಷಿಯಾ ಬಂದವರು ಅದಕ್ಕೆ ಮುಂಚೆ ಚಟುವಟಿಕೆ ಕಡಿಮೆ ಮಾಡಿದ್ದು ನಿಜ, ಆದರೆ ಆ ಇಳಿತ ರೋಗನಿರ್ಣಯಕ್ಕೆ ಸುಮಾರು 9 ವರ್ಷ ಮುಂಚಿನಿಂದ ಆರಂಭವಾಗುತ್ತದೆ. ನಡೆಯದ್ದರಿಂದ ರೋಗ ಬಂದದ್ದಲ್ಲ, ಒಳಗೊಳಗೇ ಬರುತ್ತಿದ್ದ ರೋಗದಿಂದಲೇ ನಡೆಯುವುದು ನಿಂತಿರಬಹುದು ಎಂದು ಆ ಅಧ್ಯಯನಕಾರರು ವಾದಿಸಿದರು. ಅಮೆರಿಕದಲ್ಲಿ 70ರಿಂದ 89 ವಯಸ್ಸಿನ, ಕುಳಿತೇ ಇರುವ ಅಭ್ಯಾಸದ 1,635 ಮಂದಿಗೆ ಎರಡು ವರ್ಷ ನಡಿಗೆ ಮತ್ತು ಬಲವರ್ಧನೆಯ ಅಭ್ಯಾಸ ಮಾಡಿಸಿದ ‘ಲೈಫ್’ ಪ್ರಯೋಗವು 2015ರಲ್ಲಿ, ಆರೋಗ್ಯೋಪನ್ಯಾಸ ಕೇಳಿದವರಿಗಿಂತ ಇವರ ಬುದ್ಧಿಶಕ್ತಿ ಒಟ್ಟಾರೆಯಾಗಿ ಮೇಲಾಗಲಿಲ್ಲವೆಂದು ವರದಿ ಮಾಡಿತು. ಇಷ್ಟಕ್ಕೆ ಪುಸ್ತಕ ಮುಚ್ಚಿದ್ದರೆ ಈ ಲೇಖನ ಬರೆಯುವ ಕಾರಣವಿರಲಿಲ್ಲ. ಅದೇ ಪ್ರಯೋಗದ ಜನರನ್ನು ಮಧುಮೇಹ ಇದ್ದವರು, ಇಲ್ಲದವರು ಎಂದು ಬೇರ್ಪಡಿಸಿ 2017ರಲ್ಲಿ ಮತ್ತೊಮ್ಮೆ ನೋಡಿದಾಗ, ಇಲ್ಲದವರಲ್ಲಿ ಬುದ್ಧಿಶಕ್ತಿಗೆ ಲಾಭ ಕಾಣಲಿಲ್ಲ. ಮಧುಮೇಹ ಇದ್ದವರಲ್ಲಿ ಒಟ್ಟು ಬುದ್ಧಿಶಕ್ತಿಯೂ, ಕೇಳಿದ್ದನ್ನು ಹೊತ್ತು ಕಳೆದ ಮೇಲೆ ನೆನೆಯುವ ಶಕ್ತಿಯೂ ಮೇಲಾಗಿದ್ದವು. ಒಂದು ಪ್ರಯೋಗದ ಒಂದು ಪಂಗಡದ ಫಲಿತಾಂಶವಾದ್ದರಿಂದ ಇದನ್ನು ಅಂತಿಮ ಸತ್ಯವೆಂದು ಎತ್ತಿ ಹಿಡಿಯಲಾಗದು. ಆದರೆ ನಮ್ಮ ಹಳ್ಳಿಯ ಮಧುಮೇಹಿಗೆ ಇದಕ್ಕಿಂತ ಹತ್ತಿರವಾದ ಸಾಕ್ಷ್ಯ ಮತ್ತೊಂದು ನನಗೆ ಕಂಡಿಲ್ಲ. ಆರೋಗ್ಯವಂತನಿಗೆ ನಡಿಗೆಯಿಂದ ಬುದ್ಧಿ ಹೆಚ್ಚುತ್ತದೆಯೋ ಇಲ್ಲವೋ ಶಾಸ್ತ್ರಜ್ಞರು ವಾದಿಸಲಿ. ಸಕ್ಕರೆಯೂ ಒತ್ತಡವೂ ಮೆದುಳಿನ ನಾಳಗಳನ್ನು ಸವೆಸುತ್ತಿರುವವನಿಗೆ, ಆ ಸವೆತದ ಮೂಲದಲ್ಲಿಯೇ ಕೈಯಿಡುವ ಉಪಾಯವೆಂಬ ಕಾರಣದಿಂದ, ದೇಹಶ್ರಮವು ಮಾತ್ರೆಯ ಜೊತೆಯಲ್ಲಿ ಮಾತ್ರೆಯಷ್ಟೇ ಖಚಿತವಾಗಿ ಬರೆದುಕೊಡಬೇಕಾದ ಚಿಕಿತ್ಸೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗವು 2024ರಲ್ಲಿ, ತಿದ್ದಬಹುದಾದ 14 ಅಪಾಯಗಳನ್ನು ಪೂರ್ಣವಾಗಿ ನಿವಾರಿಸಿದರೆ ಡಿಮೆನ್ಷಿಯಾದ ನೂರರಲ್ಲಿ ಸುಮಾರು 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಗಣಿಸಿತು. ಮಧುಮೇಹ, ರಕ್ತದೊತ್ತಡ, ಬೊಜ್ಜು, ಕೆಟ್ಟ ಕೊಲೆಸ್ಟರಾಲು, ನಿಶ್ಚಲತೆ ಐದೂ ಆ ಪಟ್ಟಿಯಲ್ಲಿವೆ.

ನಮ್ಮ ಪ್ರಾಚೀನ ವೈದ್ಯರು ಈ ಮಾರ್ಗವನ್ನು ಅರಿಯದವರಾಗಿರಲಿಲ್ಲ. ಪ್ರಮೇಹದ ಕಾರಣಗಳನ್ನು ಎಣಿಸುವಾಗ ಚರಕಸಂಹಿತೆಯು ಕುಳಿತಿರುವ ಸುಖವನ್ನೂ ಮಲಗಿರುವ ಸುಖವನ್ನೂ ಹೇಳುತ್ತದೆ. ಸುಶ್ರುತಸಂಹಿತೆಯು ಬಡವನಾದ ಪ್ರಮೇಹಿಗೆ ಕೊಡೆಯಿಲ್ಲದೆ, ಕೆರವಿಲ್ಲದೆ ನೂರು ಯೋಜನ ನಡೆಯಬೇಕೆಂದೂ, ಬಾವಿ ತೋಡಬೇಕೆಂದೂ ವಿಧಿಸುತ್ತದೆ. ಬಾವಿ ತೋಡಿ ತೋಡಿ ದಣಿದ ಈ ಜಿಲ್ಲೆಯಲ್ಲಿ ಆ ವಿಧಿಯನ್ನು ಓದುವಾಗ ಮನಸ್ಸಿಗೆ ಏನೋ ಆಗುತ್ತದೆ. ಕೆರವಿಲ್ಲದೆ ಎಂಬ ಮಾತನ್ನು ಮಾತ್ರ ಇಂದಿನ ಮಧುಮೇಹಿ ಅನುಸರಿಸಕೂಡದು. ಪಾದದ ಸ್ಪರ್ಶಜ್ಞಾನ ಕುಂದಿರುವವನಿಗೆ ಒಂದು ಜಾಲಿ ಮುಳ್ಳು ಕಾಲನ್ನೇ ಕಳೆಯುವಷ್ಟು ದೊಡ್ಡ ವಿಪತ್ತನ್ನು ತರಬಲ್ಲುದು.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ವಾರಕ್ಕೆ ಎರಡು ದಿನ ಸ್ನಾಯುಬಲಕ್ಕೆ ಅಭ್ಯಾಸ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲಕ್ಕೆ ಅಭ್ಯಾಸ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾದ ನಡಿಗೆಯೇ ಮಧ್ಯಮ ಶ್ರಮ. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಅಂಕಿಯು ಶಾಸ್ತ್ರದಿಂದ ಬಂದದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರಿನಿಂದ ಬಂದದ್ದು. ಬ್ರಿಟನ್ನಿನ 78,430 ಮಂದಿಯ ಕೈಗೆ ಮಾಪಕ ಕಟ್ಟಿ ನಡೆಸಿದ, 2022ರ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 3,800 ಹೆಜ್ಜೆಯವರಲ್ಲಿಯೇ ಡಿಮೆನ್ಷಿಯಾದ ಅಪಾಯ ನೂರಕ್ಕೆ 25ರಷ್ಟು ಕಡಿಮೆಯಿತ್ತು. ಮೊದಲು ಏನೂ ನಡೆಯದವರು ಸ್ವಲ್ಪ ನಡೆದಾಗಲೇ ಲಾಭ ಹೆಚ್ಚೆಂಬುದನ್ನು ಇಂಥ ಬಹುತೇಕ ಅಧ್ಯಯನಗಳು ಹೇಳುತ್ತವೆ. ಸಕ್ಕರೆ ಇರುವವರಿಗೆ ಊಟದ ಬಳಿಕದ ನಡಿಗೆಯಲ್ಲಿ ವಿಶೇಷ ಗುಣವಿದೆ: 2013ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಸಕ್ಕರೆ ಏರುವ ಅಪಾಯದಲ್ಲಿದ್ದ ವೃದ್ಧರನ್ನು ದಿನದ ಮೂರು ಊಟಗಳಾದ ಮೇಲೂ 15 ನಿಮಿಷ ನಡೆಸಿದಾಗ, ರಾತ್ರಿಯೂಟದ ಬಳಿಕ ಏರುವ ಸಕ್ಕರೆಯು, ಒಂದೇ ಬಾರಿಗೆ 45 ನಿಮಿಷ ನಡೆದುದಕ್ಕಿಂತ ಚೆನ್ನಾಗಿ ತಗ್ಗಿತು. ರಾತ್ರಿ ಊಟ ಮುಗಿಸಿ ಊರ ಬೀದಿಯಲ್ಲಿ ಒಂದು ಸುತ್ತು ಬರುವುದು ನಮ್ಮ ಹಿರಿಯರಿಗೆ ಹೊಸ ವಿದ್ಯೆಯೇನಲ್ಲ.

ಎಚ್ಚರಿಕೆಯ ಮಾತುಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮಿಪಿರೈಡ್ ಜಾತಿಯ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ದೂರ ನಡೆಯತಕ್ಕದ್ದಲ್ಲ. ಬೆವರು, ನಡುಕ, ಮಂಪರು ಕಂಡೊಡನೆ ಬಾಯಿಗೆ ಹಾಕಿಕೊಳ್ಳಲು ಸೆರಗಿನಲ್ಲೋ ಜೇಬಿನಲ್ಲೋ ಒಂದು ತುಂಡು ಬೆಲ್ಲ ಇರಬೇಕು. ಸಕ್ಕರೆ ಪದೇ ಪದೇ ತೀರ ಇಳಿಯುವುದು ಮೆದುಳಿಗೆ ಏರುವುದಕ್ಕಿಂತ ಕಡಿಮೆ ಕೆಡುಕಲ್ಲ. ಮನೆಗೆ ಬಂದ ಮೇಲೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಂತು, ಆ ದಿನವೇ ವೈದ್ಯರನ್ನು ಕಾಣಬೇಕು. ಮೊಣಕಾಲು ನೋಯುವವರು ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸದಿಂದಲೇ ತೊಡೆಯ ಸ್ನಾಯುವನ್ನು ಬಲಪಡಿಸಿಕೊಳ್ಳಬಹುದು. ಬಲಗೊಂಡ ತೊಡೆ ಮೊಣಕಾಲಿನ ಹೊರೆಯನ್ನೂ ಇಳಿಸುತ್ತದೆ.

ಮೆದುಳಿನ ರಕ್ಷಣೆಗೆ ಕಾಲೊಂದೇ ಸಾಧನವಲ್ಲ, ಕೂಟವೂ ಮಾತೂ ಬೇಕು. ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಗಡಿಸೀಮೆಯವರಿಗೆ ಉತ್ತೇಜನ ಕೊಡುವ ವಿಷಯವೊಂದುಂಟು: ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಓದುಬರಹ ಬಾರದವರಲ್ಲಿಯೂ ಈ ಭೇದ ಕಂಡಿತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 88 ವರ್ಷ, ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರು 95 ವರ್ಷ ಬಾಳಿದರು. ಮಹಾಪುರುಷರ ಆಯುಸ್ಸು ವೈದ್ಯಶಾಸ್ತ್ರಕ್ಕೆ ಪ್ರಮಾಣವಾಗದೆಂಬುದು ಸರಿಯೇ. ಆದರೂ ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದುಹೋಗಿ, ಗೆಳೆಯರೊಡನೆ ಇಸ್ಪೀಟಾಡಿ, ನಡೆದು ಬರುತ್ತಿದ್ದ ವೃದ್ಧ ಮಾಸ್ತಿಯವರ ದಿನಚರಿಯಲ್ಲಿ ಇಂದಿನ ಪ್ರಯೋಗಗಳು ಬೇರೆಬೇರೆಯಾಗಿ ಕೊಡುವ ಔಷಧಗಳೆಲ್ಲ ಒಂದೇ ಸಂಜೆಯಲ್ಲಿ ಕೂಡಿದ್ದವು ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಅರವತ್ತರ ಹೆಂಗಸು ಸಂಜೆ ಕೈಬೀಸಿಕೊಂಡು ಕೆರೆಯೇರಿಯ ಮೇಲೆ ಹೊರಟರೆ, “ಎಲ್ಲಿಗಮ್ಮಾ ಹೊರಟ್ರಿ, ಮನೇಲಿ ಏನಾದ್ರೂ ಆಯ್ತಾ?” ಎಂದು ಕೇಳುವವರು ನಾಲ್ಕು ಜನ. ಕಾರ್ಯವಿಲ್ಲದೆ ನಡೆಯುವುದು ಗಂಡಸಿಗೆ ಹವ್ಯಾಸ, ಹೆಂಗಸಿಗೆ ಅನುಮಾನ. ಅವಳು ಶಿವರಾತ್ರಿಗೆ ಆವನಿಯ ಜಾತ್ರೆಗೆ ಹೋಗಿ ಬೆಟ್ಟ ಹತ್ತಿದರೆ, ಅಂತರಗಂಗೆಯ ಮೆಟ್ಟಿಲೇರಿದರೆ ಯಾರೂ ಪ್ರಶ್ನಿಸರು, ಅಲ್ಲಿ ದೇವರ ನೆಪವಿದೆ. ವಾರದ ಉಳಿದ ದಿನಗಳಿಗೆ ನೆಪವಿಲ್ಲ. ರಾಷ್ಟ್ರೀಯ ಅಧ್ಯಯನದಲ್ಲಿ ಹೆಂಗಸರಲ್ಲಿಯೇ ಡಿಮೆನ್ಷಿಯಾ ಹೆಚ್ಚಾಗಿ ಕಂಡುದಕ್ಕೆ ಶಾಲೆ ಕಲಿಯದಿದ್ದುದು ಮುಖ್ಯ ಕಾರಣಗಳಲ್ಲಿ ಒಂದು. ಎಳವೆಯಲ್ಲಿ ಶಾಲೆಯನ್ನು ಕಳೆದುಕೊಂಡವಳು ಮುಪ್ಪಿನಲ್ಲಿ ದಾರಿಯನ್ನೂ ಕಳೆದುಕೊಳ್ಳಬೇಕೆ? ಸ್ತ್ರೀಶಕ್ತಿ ಸಂಘದವರು ವಾರದ ಸಭೆಗೆ ಸೇರುವಂತೆ ಸಂಜೆ ಹತ್ತು ಜನ ಕೂಡಿ ಹೊರಟರೆ ಈ ಪ್ರಶ್ನೆ ಒಂದು ತಿಂಗಳಲ್ಲಿ ಅಡಗೀತು.

ಹೊರಡುವುದಾದರೂ ಎಲ್ಲಿಗೆ? ಪಟ್ಟಣದವರಿಗೆ ಉದ್ಯಾನವಿದೆ; ಹಳ್ಳಿಯ ಪಕ್ಕದ ಹೆದ್ದಾರಿಯಲ್ಲಿ ಲಾರಿಗಳು, ಒಳಬೀದಿಗಳಲ್ಲಿ ಬೀದಿನಾಯಿಗಳು, ದೀಪವಿಲ್ಲದ ಮೂಲೆಗಳು. ಈ ಜಿಲ್ಲೆಗೆ ಪೂರ್ವಿಕರು ಬಿಟ್ಟುಹೋದ ನಡಿಗೆಯ ತಾಣವೆಂದರೆ ಕೆರೆಯ ಏರಿ. ನದಿಯ ಭಾಗ್ಯ ಕಡಿಮೆಯಾದ ಈ ನಾಡಿನಲ್ಲಿ ಏರಿಯಿಲ್ಲದ ಊರು ಅಪರೂಪ. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಆ ನೀರಿನ ಗುಣದ ಬಗ್ಗೆ ನ್ಯಾಯವಾದ ಆಕ್ಷೇಪಗಳಿದ್ದರೂ, ಎಷ್ಟೋ ಏರಿಗಳ ಬಳಿಗೆ ಜನ ಪುನಃ ಬರತೊಡಗಿದ್ದಾರೆ. ಜಾಲಿ ಕಡಿದು, ಮಣ್ಣು ಸಮಮಾಡಿ, ಕುಳಿತುಕೊಳ್ಳಲು ಅಲ್ಲಲ್ಲಿ ಕಲ್ಲುಚಪ್ಪಡಿ ಹಾಕಿ, ಎರಡು ದೀಪ ನಿಲ್ಲಿಸುವುದು ಗ್ರಾಮ ಪಂಚಾಯಿತಿಯ ಶಕ್ತಿಗೆ ಮೀರಿದ ಕೆಲಸವಲ್ಲ. ಕೆರೆಯ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಮಾಡಿಸುವುದು ಅವರಿಗೆ ರೂಢಿಯೇ ಆಗಿದೆ.

ಸರ್ಕಾರದ ಕಡೆಯಿಂದ ಈ ಜಿಲ್ಲೆಗೆ ಮೆದುಳಿನ ಆರೋಗ್ಯದ ಯೋಗ ಬಂದಿರುವುದನ್ನೂ ಹೇಳಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಸ್ಥಳಗಳಲ್ಲಿ ಕೋಲಾರವೂ ಒಂದು. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಕಾಲಿಟ್ಟದ್ದೂ ಇಲ್ಲಿಯೇ. ಮನೆಯ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಸಕ್ಕರೆಗೆ ಒಂದು ಕಲಂ, ಒತ್ತಡಕ್ಕೆ ಒಂದು ಕಲಂ ಇರುವುದಷ್ಟೆ. ಅವುಗಳ ಪಕ್ಕದಲ್ಲಿ ಇನ್ನೆರಡು ಕಲಂಗಳನ್ನು ಎಳೆಯಿಸಬೇಕೆಂದು ಜಿಲ್ಲೆಯ ಆರೋಗ್ಯಾಧಿಕಾರಿಗಳನ್ನು ನಾನು ವಿನಂತಿಸಿಕೊಳ್ಳುತ್ತೇನೆ. ಕಳೆದ ವಾರ ಎಷ್ಟು ದಿನ, ಎಷ್ಟು ಹೊತ್ತು ನಡೆದಿರಿ ಎಂಬುದು ಮೊದಲನೆಯದು. ಎರಡೂ ಕೈಗಳನ್ನು ಎದೆಗೆ ಅಡ್ಡವಾಗಿ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂಬುದು ಎರಡನೆಯದು. ಮೂರು ತಿಂಗಳಿಗೊಮ್ಮೆ ಆ ಎಣಿಕೆಯನ್ನು ಬರೆದಿಟ್ಟರೆ, ಯಾರ ಕಾಲು ಸೋಲುತ್ತಿದೆ, ಯಾರ ಹೆಜ್ಜೆ ಚಿಕ್ಕದಾಗುತ್ತಿದೆ ಎಂಬುದು ಊರಿನ ಪುಸ್ತಕದಲ್ಲಿಯೇ ಕಾಣಿಸುತ್ತದೆ, ಎಂಆರ್‌ಐ ಮಚ್ಚೆಗಳನ್ನು ತೋರಿಸುವುದಕ್ಕೆ ವರ್ಷಗಳ ಮುಂಚೆಯೇ ಆ ಮನೆಯವರನ್ನು ಕಂಡು ಮಾತಾಡಬಹುದು.